ವೇಗದ ಹೆಸರಿನಲ್ಲಿ ಕಳಚಿದ ಕಾವಲು

ಕೋಟಿಗಟ್ಟಲೆ ಸಾಲುಗಳ ದತ್ತಾಂಶವನ್ನು ಒಟ್ಟಿಗೆ ರಿಲೇಷನಲ್ ಡೇಟಾಬೇಸಿಗೆ ತುಂಬುವ ಕೆಲಸವನ್ನು ಬಲ್ಕ್ ಲೋಡಿಂಗ್ ಎನ್ನುತ್ತಾರೆ. ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಲೆಕ್ಕಪತ್ರ ಸಾಗಿಸುವಾಗಲೂ, ಶಾಖೆಗಳ ಹಗಲಿನ ವಹಿವಾಟನ್ನು ರಾತ್ರಿ ಕೇಂದ್ರದ ಡೇಟಾಬೇಸಿಗೆ ಸೇರಿಸುವಾಗಲೂ ನಡೆಯುವುದು ಇದೇ. ಈ ಕೆಲಸ ನಿಧಾನವಾಯಿತೆಂದಾಗ ಬರುವ ಸಲಹೆ ಇಂದು ಬಹುತೇಕ ಒಂದೇ ಧಾಟಿಯದು: ಫಾರಿನ್ ಕೀ ಪರೀಕ್ಷೆ (ಒಂದು ಟೇಬಲಿನ ಸಾಲು ಸೂಚಿಸುವುದು ಇನ್ನೊಂದು ಟೇಬಲಿನಲ್ಲಿ ಇದೆಯೇ ಎಂಬುದು) ನಿಲ್ಲಿಸಿ, ಯುನೀಕ್ ಪರೀಕ್ಷೆ (ನಕಲು ಇದೆಯೇ ಎಂಬುದು) ನಿಲ್ಲಿಸಿ, ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಆಜ್ಞೆ) ಆಫ್ ಮಾಡಿ, ಲಾಗ್ ಬರೆಯುವುದನ್ನು ಬಿಡಿ, ಲೋಡ್ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಆನ್ ಮಾಡಿದರಾಯಿತು. ದತ್ತಾಂಶದ ಶುದ್ಧತೆಗೂ ವೇಗಕ್ಕೂ ಹುಟ್ಟಾ ವೈರವಿದೆ, ಒಂದನ್ನು ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದು ದಕ್ಕುತ್ತದೆ ಎಂಬ ನಂಬಿಕೆ ಈ ಸಲಹೆಯ ತಳದಲ್ಲಿದೆ. ಆ ನಂಬಿಕೆ ತಪ್ಪು. ಅದನ್ನು ಯಾರೂ ಪ್ರಶ್ನಿಸದೆ ಕಲಿಸುತ್ತ, ಕಲಿಯುತ್ತ ಬಂದಿರುವುದರಿಂದ ಅದು ಹಾನಿಕರವೂ ಆಗಿದೆ.

ರಿಲೇಷನಲ್ ಮಾದರಿಯ ಬುಡಕ್ಕೇ ಈ ರೂಢಿ ಕೊಡಲಿ ಹಾಕುತ್ತದೆ. 1970ರ ತಮ್ಮ ಪ್ರಬಂಧದಿಂದ ಈ ಮಾದರಿಗೆ ಅಡಿಪಾಯ ಹಾಕಿದ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್, 1985ರಲ್ಲಿ, ಒಂದು ವ್ಯವಸ್ಥೆಯನ್ನು ರಿಲೇಷನಲ್ ಎಂದು ಕರೆಯಬೇಕಾದರೆ ಅದು ಪಾಲಿಸಬೇಕಾದ ನಿಯಮಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದರ ಏಳನೆಯ ನಿಯಮದ ಪ್ರಕಾರ ಸೇರಿಸುವುದು, ತಿದ್ದುವುದು, ಅಳಿಸುವುದು ಇವೆಲ್ಲ ಒಂದೊಂದು ಸಾಲಿಗೆ ಪ್ರತ್ಯೇಕವಾಗಿ ಅಲ್ಲದೆ ಸಾಲುಗಳ ಇಡೀ ಗಣಕ್ಕೆ ಒಂದೇ ಆಜ್ಞೆಯಲ್ಲಿ ಸಾಧ್ಯವಾಗಬೇಕು. ಹನ್ನೆರಡನೆಯದರ ಪ್ರಕಾರ, ಸಾಲುಗಳನ್ನು ಒಂದೊಂದಾಗಿ ಮುಟ್ಟುವ ಕೆಳಹಂತದ ಭಾಷೆಯೊಂದು ವ್ಯವಸ್ಥೆಯಲ್ಲಿದ್ದರೂ, ಅದರ ಮೂಲಕ ಮೇಲುಹಂತದಲ್ಲಿ ಘೋಷಿಸಿದ ಶುದ್ಧತೆಯ ನಿಯಮಗಳನ್ನು ತಪ್ಪಿಸಿ ಒಳನುಗ್ಗಲು ಬರಬಾರದು. ಇಂದಿನ ರೂಢಿ ಈ ಎರಡನ್ನೂ ಒಟ್ಟಿಗೆ ಮೀರುತ್ತದೆ: ಸಾಲುಗಳನ್ನು ಒಂದೊಂದಾಗಿ ಕಳಿಸುವ ಮೂಲಕ ಏಳನೆಯ ನಿಯಮ ಕೊಟ್ಟ ಶಕ್ತಿಯನ್ನು ಕೈಬಿಡುತ್ತದೆ, ಅದರಿಂದಾದ ನಿಧಾನಕ್ಕೆ ಪರಿಹಾರವೆಂದು ಹನ್ನೆರಡನೆಯ ನಿಯಮವನ್ನು ಮುರಿಯುತ್ತದೆ.

ಹಾಗಾದರೆ ಲೋಡಿನ ಸಮಯ ನಿಜಕ್ಕೂ ಎಲ್ಲಿ ಹೋಗುತ್ತದೆ? ಬದಲಾವಣೆ ಖಾಯಂ ಆಯಿತೆಂದು ಡೇಟಾಬೇಸ್ ಕೊಡುವ ವಚನಕ್ಕೆ ಕಮಿಟ್ ಎನ್ನುತ್ತಾರೆ. ಕರೆಂಟು ಹೋದರೂ ಆ ವಚನ ಉಳಿಯಬೇಕಾದ್ದರಿಂದ, ಪ್ರತಿ ಕಮಿಟ್ ವೇಳೆ ಡೇಟಾಬೇಸು ತನ್ನ ಬರವಣಿಗೆ ನಿಜವಾಗಿಯೂ ಡಿಸ್ಕಿಗೆ ಇಳಿಯುವವರೆಗೆ ಕಾಯಲೇಬೇಕು. ಎಸ್‌ಕ್ಯೂಎಲೈಟ್ ಎಂಬ ಪುಟ್ಟ ಡೇಟಾಬೇಸಿನ ಅಧಿಕೃತ ದಾಖಲೆ ಈ ಕಾಯುವಿಕೆಯ ಬೆಲೆಯನ್ನು ಬಿಡಿಸಿ ಹೇಳಿದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ತಿರುಗುತ್ತದೆ, ಒಂದು ಟ್ರಾನ್ಸಾಕ್ಷನ್, ಅಂದರೆ ಒಂದು ಕಮಿಟ್‌ಗೆ ಒಳಪಡುವ ಬದಲಾವಣೆಗಳ ಕಟ್ಟು, ಮುಗಿಯಲು ಸಾಮಾನ್ಯವಾಗಿ ಅಂಥ ಎರಡು ಪೂರ್ಣ ಸುತ್ತು ಬೇಕು, ಆದ್ದರಿಂದ ಸೆಕೆಂಡಿಗೆ ಸುಮಾರು 60 ಟ್ರಾನ್ಸಾಕ್ಷನ್ ಮಾತ್ರ ಸಾಧ್ಯ. ಅದೇ ದಾಖಲೆಯ ಪ್ರಕಾರ ಸಾಧಾರಣ ಕಂಪ್ಯೂಟರಿನಲ್ಲೂ ಸೆಕೆಂಡಿಗೆ 50,000ಕ್ಕಿಂತ ಹೆಚ್ಚು ಇನ್‌ಸರ್ಟ್ ಆಜ್ಞೆಗಳು ಸಲೀಸಾಗಿ ನಡೆಯುತ್ತವೆ. ಒಂದು ಕೋಟಿ ಸಾಲುಗಳ ಲೆಕ್ಕ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಸಾಲಿಗೊಂದು ಕಮಿಟ್ ಆದರೆ ಸುಮಾರು 46 ಗಂಟೆ, ಅಂದರೆ ಹೆಚ್ಚುಕಡಿಮೆ ಎರಡು ಹಗಲು ಎರಡು ರಾತ್ರಿ. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿ ಕೊನೆಗೊಮ್ಮೆ ಕಮಿಟ್ ಮಾಡಿದರೆ 50,000ದ ಲೆಕ್ಕದಲ್ಲಿ 200 ಸೆಕೆಂಡು. ಸಾಲನ್ನು ಬೇಗ ಹುಡುಕಲು ನೆರವಾಗುವ ಇಂಡೆಕ್ಸುಗಳು ಹೆಚ್ಚಿದಂತೆ, ಸಾಲು ಅಗಲವಾದಂತೆ ಎರಡನೆಯ ಅಂಕಿ ಬೆಳೆಯುತ್ತದೆ ನಿಜ, ಆದರೆ ಗಂಟೆಗಳನ್ನು ನಿಮಿಷಗಳಿಗೆ ಇಳಿಸಿದ್ದು ಕಮಿಟ್‌ಗಳನ್ನು ಒಟ್ಟುಗೂಡಿಸಿದ ಒಂದೇ ಕ್ರಮ. ಆ ಕ್ರಮಕ್ಕಾಗಿ ಒಂದು ನಿರ್ಬಂಧವನ್ನೂ ತೆಗೆಯಬೇಕಾಗಿ ಬರಲಿಲ್ಲ, ಒಂದು ಪರೀಕ್ಷೆಯನ್ನೂ ನಿಲ್ಲಿಸಬೇಕಾಗಿ ಬರಲಿಲ್ಲ. ತಿರುಗುವ ಡಿಸ್ಕಿನ ಕಾಲ ಮುಗಿಯಿತು, ಈಗ ಎಸ್‌ಎಸ್‌ಡಿ ಇದೆ ಎಂಬ ಉತ್ತರವೂ ಇಲ್ಲಿ ನಿಲ್ಲದು, ಏಕೆಂದರೆ ವೇಗದ ಡಿಸ್ಕು ಪ್ರತಿ ಕಾಯುವಿಕೆಯನ್ನು ಗಿಡ್ಡ ಮಾಡುತ್ತದೆಯೇ ಹೊರತು ಕೋಟಿ ಸಲ ಅನಗತ್ಯವಾಗಿ ಕಾಯುವುದನ್ನು ತಪ್ಪಿಸುವುದಿಲ್ಲ.

ಎರಡನೆಯ ಸೋರಿಕೆ ನೆಟ್‌ವರ್ಕಿನದು. ಪ್ರೋಗ್ರಾಮ್ ಒಂದು ಕಡೆ, ಡೇಟಾಬೇಸ್ ಸರ್ವರ್ ಇನ್ನೊಂದು ಕಡೆ ಇದ್ದು, ಆಜ್ಞೆ ಹೋಗಿ ಉತ್ತರ ಬರಲು ಒಂದೇ ಮಿಲಿಸೆಕೆಂಡು ಹಿಡಿದರೂ ಕೋಟಿ ಸಾಲುಗಳಿಗೆ 10,000 ಸೆಕೆಂಡು, ಅಂದರೆ ಎರಡೂಮುಕ್ಕಾಲು ಗಂಟೆ, ಬರೀ ಓಡಾಟದಲ್ಲಿ ಕಳೆಯುತ್ತದೆ. ಈ ಓಡಾಟವನ್ನೂ ಕಮಿಟ್‌ಗಳನ್ನೂ ತಗ್ಗಿಸಿದ್ದೇವೆಂದು ನಂಬಿದವರು ಕೂಡ ಎಷ್ಟೋ ಸಲ ತಗ್ಗಿಸಿರುವುದಿಲ್ಲ. ಜಾವಾದ ಜೆಡಿಬಿಸಿ ಸಂಪರ್ಕದಲ್ಲಿ ಆಟೋಕಮಿಟ್, ಅಂದರೆ ಪ್ರತಿ ಆಜ್ಞೆಗೂ ತಾನಾಗಿ ಕಮಿಟ್ ಆಗುವ ಪದ್ಧತಿ, ಮೊದಲಿನಿಂದಲೇ ಆನ್ ಆಗಿರುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಜಾವಾ ಡ್ರೈವರಿನಲ್ಲಿ ಬ್ಯಾಚನ್ನು, ಅಂದರೆ ಒಟ್ಟುಗೂಡಿಸಿ ಕಳಿಸುವ ಆಜ್ಞೆಗಳನ್ನು, ಬಹುಸಾಲಿನ ಒಂದೇ ಇನ್‌ಸರ್ಟ್ ಆಗಿ ಮಾರ್ಪಡಿಸುವ ಆಯ್ಕೆ ಮೊದಲಿನಿಂದಲೇ ಆಫ್ ಆಗಿರುತ್ತದೆ. ಜಾವಾದ ಹೈಬರ್ನೇಟ್ ಎಂಬ ಚೌಕಟ್ಟು ಬಳಸುವ ಟೇಬಲಿನ ಕ್ರಮಸಂಖ್ಯೆಯನ್ನು ಐಡೆಂಟಿಟಿ ಕಾಲಂ ಮೂಲಕ ಪಡೆದರೆ ಆ ಚೌಕಟ್ಟು ಇನ್‌ಸರ್ಟ್ ಬ್ಯಾಚಿಂಗನ್ನು ಯಾವ ಸುಳಿವನ್ನೂ ಕೊಡದೆ ಕೈಬಿಡುತ್ತದೆ. ಪೈಥಾನಿನ ಸೈಕಾಪ್‌ಜಿ2 ಗ್ರಂಥಾಲಯವಂತೂ ತನ್ನ ಎಕ್ಸಿಕ್ಯೂಟ್‌ಮೆನಿ ಆಜ್ಞೆ ಲೂಪಿನಲ್ಲಿ ಒಂದೊಂದಾಗಿ ಓಡಿಸುವುದಕ್ಕಿಂತ ವೇಗವಾಗಿಲ್ಲವೆಂದು ತನ್ನ ದಾಖಲೆಯಲ್ಲೇ ಒಪ್ಪಿಕೊಂಡಿದೆ. ಇಷ್ಟೆಲ್ಲ ಕಡೆ ಸಮಯ ಸೋರುತ್ತಿರುವಾಗ, ಇವುಗಳಲ್ಲಿ ಒಂದನ್ನೂ ಅಳೆಯದೆ ಫಾರಿನ್ ಕೀ ಮೇಲೆ ಆರೋಪ ಹೊರಿಸುವುದು ಯಾವ ಎಂಜಿನಿಯರಿಂಗ್?

ದೊಡ್ಡ ಲೋಡಿಗೆಂದೇ ರೂಪಿಸಿದ ಆಜ್ಞೆಗಳು ಇಲ್ಲವೆಂದಿದ್ದರೆ ಈ ಆತುರಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು. ಆದರೆ ಅಂಥವು ಇವೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಕಾಪಿ ಎಂಬ ಆಜ್ಞೆಯಿದೆ; ಅದು ಸಾಲುಗಳ ಹೊಳೆಯನ್ನೇ ಒಂದು ಆಜ್ಞೆಯಡಿ ಸ್ವೀಕರಿಸುತ್ತದೆ, ಹಾಗೆ ಸ್ವೀಕರಿಸುವಾಗಲೂ ಚೆಕ್ ನಿರ್ಬಂಧಗಳನ್ನು, ಅಂದರೆ ಮೌಲ್ಯಗಳ ಮೇಲಿನ ಷರತ್ತುಗಳನ್ನು, ಪಾಲಿಸುತ್ತದೆ, ಟ್ರಿಗರ್‌ಗಳನ್ನು ನಡೆಸುತ್ತದೆ, ಫಾರಿನ್ ಕೀ ತಪ್ಪಿದರೆ ಲೋಡನ್ನು ತಿರಸ್ಕರಿಸುತ್ತದೆ. ಮೈಎಸ್‌ಕ್ಯೂಎಲ್‌ನ ಲೋಡ್ ಡೇಟಾ ಆಜ್ಞೆ ಇನ್‌ಸರ್ಟ್‌ಗಳಿಗಿಂತ ಸಾಮಾನ್ಯವಾಗಿ 20 ಪಟ್ಟು ವೇಗದ್ದೆಂದು ಅದರ ಕೈಪಿಡಿಯೇ ಹೇಳುತ್ತದೆ. ಕಾವಲನ್ನು ಮುಟ್ಟದೆ 20 ಪಟ್ಟು ವೇಗ ಕೈಗೆಟುಕುವಂತಿರುವಾಗ ಮೊದಲ ಸಲಹೆಯೇ ಕಾವಲು ಕಳಚುವುದಾಗಿರುವುದು ಅಜ್ಞಾನವಲ್ಲದೆ ಇನ್ನೇನು?

ಈಗ ರೂಢಿಯ ಎರಡನೆಯ ಭಾಗವನ್ನು, ಅಂದರೆ ಲೋಡ್ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಆನ್ ಮಾಡಿದರೆ ಮೊದಲಿನಂತಾಗುತ್ತದೆ ಎಂಬ ಭರವಸೆಯನ್ನು ಪರೀಕ್ಷಿಸಬೇಕು. ಸಲಹೆ ಕೊಡುವವರಲ್ಲಿ ಬಹುಮಂದಿ ಓದಿಲ್ಲದ ಪುಟಗಳು ಇಲ್ಲಿವೆ. ಮೈಎಸ್‌ಕ್ಯೂಎಲ್‌ನಲ್ಲಿ ಫಾರಿನ್ ಕೀ ಪರೀಕ್ಷೆಯ ಸ್ವಿಚ್ಚನ್ನು ಸೊನ್ನೆ ಮಾಡಿ, ಲೋಡ್ ಮುಗಿಸಿ, ಮತ್ತೆ ಒಂದಕ್ಕೆ ತಿರುಗಿಸಿದಾಗ ಆ ನಡುವೆ ಬಂದ ಸಾಲುಗಳನ್ನು ಡೇಟಾಬೇಸು ತಿರುಗಿಯೂ ನೋಡುವುದಿಲ್ಲ. ಅವುಗಳ ಪರಿಶೀಲನೆ ಆಗುವುದಿಲ್ಲವೆಂದು ಕೈಪಿಡಿ ಸ್ಪಷ್ಟವಾಗಿ ಬರೆದಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಎಲ್ಲ ಟ್ರಿಗರ್‌ಗಳನ್ನು ನಿಲ್ಲಿಸುವ ಆಜ್ಞೆ ಫಾರಿನ್ ಕೀಯನ್ನು ಕಾಯುವ ಒಳಗಿನ ಟ್ರಿಗರ್‌ಗಳನ್ನೂ ನಿಲ್ಲಿಸುತ್ತದೆ, ಮತ್ತೆ ಚಾಲೂ ಮಾಡಿದಾಗ ಹಿಂದಿನದನ್ನು ಪರೀಕ್ಷಿಸುವುದಿಲ್ಲ. ಒರಾಕಲ್‌ನ ಎಸ್‌ಕ್ಯೂಎಲ್ ಲೋಡರ್ ಡೈರೆಕ್ಟ್ ಪಾತ್ ವಿಧಾನದಲ್ಲಿ ಚೆಕ್ ಮತ್ತು ಫಾರಿನ್ ಕೀ ನಿರ್ಬಂಧಗಳನ್ನು ತಾನೇ ನಿಷ್ಕ್ರಿಯಗೊಳಿಸುತ್ತದೆ. ರೀಎನೇಬಲ್ ಎಂದು ಸೇರಿಸದಿದ್ದರೆ ಅವು ಹಾಗೆಯೇ ಉಳಿಯುತ್ತವೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರಿನಲ್ಲಿ ಬಲ್ಕ್ ಇನ್‌ಸರ್ಟ್ ಆಜ್ಞೆ, ಬೇರೆ ರೀತಿ ಹೇಳದ ಹೊರತು, ಚೆಕ್ ಮತ್ತು ಫಾರಿನ್ ಕೀ ನಿರ್ಬಂಧಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇವುಗಳಲ್ಲಿ ಯಾವುದೂ ಮುಚ್ಚಿಟ್ಟ ಗುಟ್ಟಲ್ಲ. ಆದರೂ ಮತ್ತೆ ಆನ್ ಮಾಡುವ ಸಾಲೊಂದು ಸ್ಕ್ರಿಪ್ಟಿನ ಕೊನೆಯಲ್ಲಿ ಕಂಡರೆ ಸಾಕು, ದತ್ತಾಂಶ ಶುದ್ಧವಾಗಿದೆಯೆಂದು ಎಲ್ಲರೂ ನಂಬಿಬಿಡುತ್ತಾರೆ.

ಇದರ ಫಲವನ್ನು ಒಂದೇ ಒಂದು ಸಾಲಿನಲ್ಲಿ ಹಿಡಿದು ನೋಡಬಹುದು. ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಲೆಕ್ಕದಲ್ಲಿ ಸದಸ್ಯರದೊಂದು ಟೇಬಲ್, ಬಟವಾಡೆಯದೊಂದು ಟೇಬಲ್ ಇವೆಯೆಂದೂ, ಬಟವಾಡೆಯ ಪ್ರತಿ ಸಾಲಿನ ಸದಸ್ಯ ಸಂಖ್ಯೆ ಸದಸ್ಯರ ಟೇಬಲಿನಲ್ಲಿ ಇರಲೇಬೇಕೆಂದು ಫಾರಿನ್ ಕೀ ಹೇಳುತ್ತದೆಂದೂ ಇಟ್ಟುಕೊಳ್ಳಬಹುದು. ಹಳೆಯ ಫೈಲಿನಲ್ಲಿ 1047 ಎಂಬುದು 1074 ಎಂದು ಅದಲುಬದಲಾಗಿದೆ, ಸಂಘದಲ್ಲಿ 1074 ಸಂಖ್ಯೆಯ ಸದಸ್ಯರೇ ಇಲ್ಲ. ಫಾರಿನ್ ಕೀ ಎಚ್ಚರವಾಗಿದ್ದರೆ ಲೋಡ್ ಅಲ್ಲೇ ನಿಲ್ಲುತ್ತದೆ, ಮೂಲ ಫೈಲು ಕೈಯಲ್ಲಿರುವಾಗಲೇ, ಅದನ್ನು ಬರೆದವರು ಪಕ್ಕದಲ್ಲಿರುವಾಗಲೇ ತಪ್ಪು ತಿದ್ದಲ್ಪಡುತ್ತದೆ. ಪರೀಕ್ಷೆ ನಿಂತಿದ್ದರೆ ಆ ಸಾಲು ಒಳಗೆ ಸೇರುತ್ತದೆ. ಬಟವಾಡೆಯ ಟೇಬಲೊಂದನ್ನೇ ಕೂಡಿದಾಗ ಒಟ್ಟು ಮೊತ್ತ ಸರಿಯಾಗಿಯೇ ಬರುತ್ತದೆ. ಎರಡು ಟೇಬಲುಗಳನ್ನು ಜೋಡಿಸಿ ಸದಸ್ಯವಾರು ಪಟ್ಟಿ ತೆಗೆದಾಗ ಮಾತ್ರ ಆ ಹಣ ಮಾಯವಾಗುತ್ತದೆ, ಏಕೆಂದರೆ ಜೋಡಣೆಗೆ ಒದಗುವ ಸದಸ್ಯರಿಲ್ಲ. ತಿಂಗಳುಗಳ ನಂತರ 1047ನೆಯ ಸದಸ್ಯೆ ತನ್ನ ಬಟವಾಡೆ ಎಲ್ಲಿ ಎಂದು ಕೌಂಟರಿಗೆ ಬಂದು ಕೇಳಿದರೆ, ಒಟ್ಟು ಲೆಕ್ಕ ತಾಳೆಯಾಗಿದೆ ಎಂಬ ಉತ್ತರ ಸಿಗುತ್ತದೆ. ಲೋಡಿನಲ್ಲಿ ಉಳಿಸಿದ ಕೆಲವು ನಿಮಿಷಗಳ ಬೆಲೆಯನ್ನು ತೆರುವವರು ಆ ನಿಮಿಷಗಳನ್ನು ಉಳಿಸಿದವರಲ್ಲ. ಈ ರೂಢಿಯ ಅನ್ಯಾಯ ಇರುವುದು ಇಲ್ಲಿಯೇ.

ಶುದ್ಧತೆಯ ಮಾತು ಬೇಡ, ವೇಗವೊಂದೇ ಸಾಕು ಎನ್ನುವವರಿಗೂ ಈ ರೂಢಿ ಮೋಸ ಮಾಡುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಪರೀಕ್ಷೆ ತಪ್ಪಿಸಿ ಲೋಡ್ ಮಾಡಿದ ಟೇಬಲಿನ ನಿರ್ಬಂಧಗಳಿಗೆ ವಿಶ್ವಾಸಾರ್ಹವಲ್ಲ ಎಂಬ ಗುರುತು ಬೀಳುತ್ತದೆ. ಪ್ರಶ್ನೆಗೆ ಉತ್ತರ ಹುಡುಕುವ ಅತ್ಯುತ್ತಮ ದಾರಿಯನ್ನು ಆರಿಸುವ ಆಪ್ಟಿಮೈಸರ್ ಎಂಬ ಭಾಗ, ನಂಬಿಕೆಯ ಫಾರಿನ್ ಕೀ ಇದ್ದಾಗ ಅನಗತ್ಯ ಜೋಡಣೆಯನ್ನು ಪೂರ್ತಿ ಬಿಟ್ಟುಬಿಡಬಲ್ಲದು. ಈ ಗುರುತು ಬಿದ್ದ ಕೀಯನ್ನು ಅದು ನಂಬುವುದಿಲ್ಲ, ಆದ್ದರಿಂದ ಬಿಡಬಹುದಾಗಿದ್ದ ಕೆಲಸವನ್ನೂ ಪ್ರತಿ ಪ್ರಶ್ನೆಗೂ ಮಾಡುತ್ತ ಹೋಗುತ್ತದೆ. ನಿರ್ಬಂಧವನ್ನು ಸಾಮಾನ್ಯ ಆಜ್ಞೆಯಿಂದ ಮತ್ತೆ ಚಾಲೂ ಮಾಡಿದರೂ ಗುರುತು ಅಳಿಯುವುದಿಲ್ಲ, ಏಕೆಂದರೆ ಹಾಗೆ ಚಾಲೂ ಮಾಡುವಾಗ ಹಳೆಯ ಸಾಲುಗಳನ್ನು ಪರೀಕ್ಷಿಸದಿರುವುದೇ ಅಲ್ಲಿನ ಪೂರ್ವನಿಯೋಜಿತ ವರ್ತನೆ. ವಿತ್ ಚೆಕ್ ಎಂದು ಬಿಡಿಸಿ ಬರೆದಾಗ ಮಾತ್ರ ಅದು ಎಲ್ಲ ಸಾಲುಗಳನ್ನೂ ನೋಡಿ ಗುರುತನ್ನು ತೆಗೆಯುತ್ತದೆ. ಒಂದು ರಾತ್ರಿಯ ಲೋಡಿನಲ್ಲಿ ಗಳಿಸಿದ್ದನ್ನು ವರ್ಷಗಟ್ಟಲೆ ಹಗಲಿನ ಪ್ರಶ್ನೆಗಳಲ್ಲಿ ತೆರುವ ಈ ವ್ಯವಹಾರವನ್ನು ಯಾವ ಲೆಕ್ಕದಲ್ಲಿ ಲಾಭವೆಂದು ಕರೆಯಬೇಕು?

ಲಾಗನ್ನು ನಿಲ್ಲಿಸುವ ಸಲಹೆ ಇನ್ನೂ ಅಪಾಯದ್ದು. ಬದಲಾವಣೆಯನ್ನು ಟೇಬಲಿಗೆ ಇಳಿಸುವ ಮೊದಲು ಲಾಗಿನಲ್ಲಿ ಬರೆದಿಡುವ ಪದ್ಧತಿಯಿಂದಲೇ ಡೇಟಾಬೇಸು ಕುಸಿತದ ನಂತರ ಎದ್ದು ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ನ ಎಫ್‌ಸಿಂಕ್ ಆಯ್ಕೆಯನ್ನು, ಅಂದರೆ ಬರವಣಿಗೆ ಡಿಸ್ಕಿಗೆ ಇಳಿಯುವವರೆಗೆ ಕಾಯುವುದನ್ನು, ಆಫ್ ಮಾಡಿದರೆ, ಕರೆಂಟು ಹೋದಾಗ ಅಥವಾ ಯಂತ್ರ ಕುಸಿದಾಗ, ಸರಿಪಡಿಸಲಾಗದಂತೆ ದತ್ತಾಂಶ ಕೆಡಬಹುದೆಂದು ಕೈಪಿಡಿ ಎಚ್ಚರಿಸುತ್ತದೆ. ಕೆಡುವುದು ಆ ರಾತ್ರಿಯ ಲೋಡಷ್ಟೇ ಅಲ್ಲ, ಅದೇ ಸರ್ವರಿನಲ್ಲಿರುವ ಹಳೆಯ ಟೇಬಲುಗಳೂ. ಅಷ್ಟು ಅಪಾಯವಿಲ್ಲದ ದಾರಿ ಪಕ್ಕದಲ್ಲೇ ಇದೆ: ಸಿಂಕ್ರೊನಸ್ ಕಮಿಟ್ ಎಂಬ ಆಯ್ಕೆಯನ್ನು ಆ ಒಂದು ಲೋಡಿನ ಮಟ್ಟಿಗೆ ಆಫ್ ಮಾಡಿದರೆ, ಕುಸಿತವಾದಾಗ ಕೊನೆಯ ಕ್ಷಣದ ಕೆಲವು ಟ್ರಾನ್ಸಾಕ್ಷನ್‌ಗಳು ಹೋಗಬಹುದು, ಡೇಟಾಬೇಸಿನ ಒಳಗಿನ ಹೊಂದಾಣಿಕೆ ಮಾತ್ರ ಕೆಡುವುದಿಲ್ಲ, ಹೋದದ್ದನ್ನು ಮೂಲ ಫೈಲಿನಿಂದ ಮತ್ತೆ ತುಂಬಬಹುದು. ಒರಾಕಲ್‌ನ ನೋಲಾಗಿಂಗ್ ವಿಧಾನದಲ್ಲಿ ತುಂಬಿದ ದತ್ತಾಂಶ, ಆಮೇಲೆ ಹೊಸ ಬ್ಯಾಕಪ್ ತೆಗೆಯದಿದ್ದರೆ, ಡಿಸ್ಕು ಕೆಟ್ಟಾಗ ಮರಳಿ ಸಿಗುವುದಿಲ್ಲ. ಈ ಷರತ್ತುಗಳನ್ನು ಬಿಟ್ಟು ವೇಗದ ಅಂಕಿಯನ್ನಷ್ಟೇ ಹೇಳುವ ಸಲಹೆಗಾರರು ಅರ್ಧ ಸತ್ಯ ಹೇಳುತ್ತಿದ್ದಾರೆ.

ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ದೊಡ್ಡ ಲೋಡಿಗೆ ಮುನ್ನ ಫಾರಿನ್ ಕೀ ತೆಗೆಯಬಹುದೆಂದು ಹೇಳಿದೆಯಲ್ಲ ಎಂಬ ವಾದ ಈ ರೂಢಿಯ ಪರವಾಗಿ ಆಗಾಗ ಕೇಳಿಬರುತ್ತದೆ. ಹೇಳಿದೆ, ಕಾರಣವನ್ನೂ ಕೊಟ್ಟಿದೆ: ತುಂಬಿದ ಪ್ರತಿ ಸಾಲಿಗೂ ಬಾಕಿ ಪರೀಕ್ಷೆಗಳ ಸರದಿಯಲ್ಲಿ ಒಂದು ನಮೂದು ಬೇಕಾಗುತ್ತದೆ, ಅನೇಕ ದಶಲಕ್ಷ ಸಾಲುಗಳಾದರೆ ಆ ಸರದಿ ಮೆಮೊರಿಯನ್ನು ಮೀರಬಹುದು. ಆದರೆ ಅಲ್ಲಿ ಹೇಳಿರುವುದು ನಿರ್ಬಂಧವನ್ನು ತೆಗೆದು ಮತ್ತೆ ಹೊಸದಾಗಿ ಸೇರಿಸುವುದನ್ನು. ಹಾಗೆ ಸೇರಿಸುವಾಗ ಡೇಟಾಬೇಸು ಎಲ್ಲ ಸಾಲುಗಳನ್ನೂ ಒಟ್ಟಾಗಿ ಪರೀಕ್ಷಿಸುತ್ತದೆ, ಒಂದೇ ಒಂದು ಅನಾಥ ಸಾಲು ಇದ್ದರೂ ನಿರ್ಬಂಧ ಸೇರಿಸಲು ನಿರಾಕರಿಸುತ್ತದೆ. ಪರೀಕ್ಷೆಯನ್ನು ಸಾಲುಸಾಲಾಗಿ ಮಾಡುವ ಬದಲು ಗಣವಾಗಿ ಮಾಡುವುದು ಒಂದು, ಪರೀಕ್ಷೆಯನ್ನೇ ಮಾಡದಿರುವುದು ಇನ್ನೊಂದು. ಇಂಡೆಕ್ಸಿನ ವಿಷಯವೂ ಹೀಗೆಯೇ: ಖಾಲಿ ಟೇಬಲಿಗೆ ಲೋಡ್ ಮಾಡಿ ಆಮೇಲೆ ಇಂಡೆಕ್ಸ್ ಕಟ್ಟುವುದು ನ್ಯಾಯವಾದ ಉಪಾಯ, ಏಕೆಂದರೆ ಎಲ್ಲ ಕೀಗಳನ್ನೂ ವಿಂಗಡಿಸಿಕೊಂಡು ಒಂದೇ ಸಲ ಕಟ್ಟುವುದು ಸಾಲು ಬಂದಂತೆಲ್ಲ ಇಂಡೆಕ್ಸಿನ ಮರದಂಥ ರಚನೆಯ ನಡುನಡುವೆ ತೂರಿಸುವುದಕ್ಕಿಂತ ಅಗ್ಗ, ಆದರೆ ಯುನೀಕ್ ಇಂಡೆಕ್ಸನ್ನು ತೆಗೆಯುವ ಮೊದಲು ಎರಡು ಸಲ ಯೋಚಿಸಬೇಕೆಂದು, ಅದಿಲ್ಲದ ಅವಧಿಯಲ್ಲಿ ನಕಲು ಸಾಲುಗಳಿಗೆ ತಡೆಯೇ ಇರುವುದಿಲ್ಲವೆಂದು ಅದೇ ಕೈಪಿಡಿ ಎಚ್ಚರಿಸಿದೆ. ಒಂದು ಪುಟದ ಅನುಮತಿಯನ್ನು ಉದ್ಧರಿಸುವವರು ಅದೇ ಪುಟದ ಎಚ್ಚರಿಕೆಯನ್ನು ಏಕೆ ಉದ್ಧರಿಸುವುದಿಲ್ಲ?

ಮೂಲ ದತ್ತಾಂಶ ಮೊದಲೇ ಶುದ್ಧವಾಗಿದೆ, ಮತ್ತೆ ಪರೀಕ್ಷಿಸುವುದು ದಂಡ ಎಂಬುದು ಕೊನೆಯ ಸಮರ್ಥನೆ. ದತ್ತಾಂಶ ಮೂಲದಲ್ಲಿ ಶುದ್ಧವಾಗಿದ್ದರೂ ಸಾಗಣೆಯ ದಾರಿಯಲ್ಲಿ ಕೆಡಬಹುದೆಂಬುದಕ್ಕೆ ಇಂಗ್ಲೆಂಡಿನ 2020ರ ಅನುಭವ ಸಾಕ್ಷಿ. ಪ್ರಯೋಗಾಲಯಗಳಿಂದ ಬಂದ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಎಕ್ಸೆಲ್‌ನ ಹಳೆಯ ಮಾದರಿಯ ಫೈಲುಗಳ ಮೂಲಕ ತನ್ನ ವ್ಯವಸ್ಥೆಗೆ ಸೇರಿಸುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ, ಮಿಕ್ಕವು ಸದ್ದಿಲ್ಲದೆ ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರ ಹೆಸರುಗಳು ದಿನದ ಲೆಕ್ಕದಿಂದ ಹೊರಗುಳಿದವು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ಅಲ್ಲಿ ಯಾರೂ ಫಾರಿನ್ ಕೀ ಆಫ್ ಮಾಡಿರಲಿಲ್ಲ ನಿಜ. ಆದರೆ ಹೊರಟ ಸಾಲುಗಳೆಷ್ಟು, ತಲುಪಿದ ಸಾಲುಗಳೆಷ್ಟು ಎಂದು ಕೇಳುವ ಕಾವಲು ಇರಲಿಲ್ಲ. ಡೇಟಾಬೇಸಿನಲ್ಲೂ ಸಾಲುಗಳು ಹೀಗೆ ಸದ್ದಿಲ್ಲದೆ ಬೀಳಬಹುದು: ಮೈಎಸ್‌ಕ್ಯೂಎಲ್‌ನ ಲೋಡ್ ಡೇಟಾ ಆಜ್ಞೆಯನ್ನು ಲೋಕಲ್ ಎಂಬ ಪದದೊಡನೆ ಬಳಸಿದಾಗ ನಕಲು ಕೀ ಇರುವ ಸಾಲುಗಳು ದೋಷವಾಗಿ ಲೋಡನ್ನು ನಿಲ್ಲಿಸದೆ ಬರೀ ಎಚ್ಚರಿಕೆಗಳಾಗಿ ಕಳೆದುಹೋಗುತ್ತವೆ. ಆ ಎಚ್ಚರಿಕೆಗಳನ್ನು ಯಾರೂ ಓದದ ಕಡೆ ಇಂಗ್ಲೆಂಡಿನ ಕಥೆ ಯಾವ ದಿನವಾದರೂ ಮರುಕಳಿಸಬಹುದು.

ಶುದ್ಧತೆಯನ್ನೂ ವೇಗವನ್ನೂ ಒಟ್ಟಿಗೆ ಪಡೆಯುವ ದಾರಿ ಹಳೆಯದು, ಪರೀಕ್ಷಿತವಾದದ್ದು. ಬಂದ ಫೈಲನ್ನು ಮೊದಲು ಸ್ಟೇಜಿಂಗ್ ಟೇಬಲ್ ಎಂಬ ತಾತ್ಕಾಲಿಕ ಅಂಗಳಕ್ಕೆ ಕಾಪಿಯಂಥ ಆಜ್ಞೆಯಿಂದ ಇಳಿಸಬೇಕು. ಅಲ್ಲಿ ನಿರ್ಬಂಧಗಳಿಲ್ಲದಿದ್ದರೂ ಹಾನಿಯಿಲ್ಲ, ಏಕೆಂದರೆ ಆ ಟೇಬಲಿನಿಂದ ಯಾರಿಗೂ ವರದಿ ಹೋಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ 2011ರ 9.1 ಆವೃತ್ತಿಯಿಂದ ದೊರೆಯುವ ಅನ್‌ಲಾಗ್ಡ್ ಟೇಬಲುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಅವು ಲಾಗ್ ಬರೆಯುವುದಿಲ್ಲ, ಕುಸಿತವಾದರೆ ಖಾಲಿಯಾಗುತ್ತವೆ, ಮೂಲ ಫೈಲು ಇರುವವರೆಗೆ ಖಾಲಿಯಾದರೆ ನಷ್ಟವಿಲ್ಲ. ಅಲ್ಲಿಂದ ಮುಂದೆ ಒಂದೊಂದು ನಿಯಮಕ್ಕೆ ಒಂದೊಂದು ಪ್ರಶ್ನೆ ಸಾಕು. ಸದಸ್ಯರ ಟೇಬಲಿನಲ್ಲಿ ಇಲ್ಲದ ಸಂಖ್ಯೆ ಹೊತ್ತ ಬಟವಾಡೆಗಳೆಲ್ಲ ಒಂದೇ ಜೋಡಣೆಯಲ್ಲಿ ಹೊರಬೀಳುತ್ತವೆ, ಅವುಗಳನ್ನು ಕಾರಣಸಮೇತ ತಿರಸ್ಕೃತ ಸಾಲುಗಳ ಟೇಬಲಿಗೆ ಹಾಕಿ, ಉಳಿದವನ್ನು ಒಂದೇ ಇನ್‌ಸರ್ಟ್ ಸೆಲೆಕ್ಟ್ ಆಜ್ಞೆಯಿಂದ ನಿರ್ಬಂಧಗಳೆಲ್ಲ ಎಚ್ಚರವಾಗಿರುವ ನಿಜವಾದ ಟೇಬಲಿಗೆ ಸೇರಿಸಬಹುದು. 1074ರ ಸಾಲು ಅದೇ ರಾತ್ರಿ, ಹೆಸರು ಹಿಡಿದು, ಸಂಘದ ಕಾರ್ಯದರ್ಶಿಯ ಮುಂದೆ ಬರುತ್ತದೆ. ಕೊನೆಯಲ್ಲಿ ಅನಲೈಸ್ ಓಡಿಸಿ ಟೇಬಲಿನ ಅಂಕಿಅಂಶಗಳನ್ನು ನವೀಕರಿಸುವುದೂ ಲೋಡಿನ ಭಾಗವೇ; ಅದನ್ನು ಬಿಟ್ಟರೆ ಆಪ್ಟಿಮೈಸರ್ ಮರುದಿನ ಹಳೆಯ ಅಂಕಿಗಳನ್ನು ನಂಬಿ ತಪ್ಪು ದಾರಿ ಹಿಡಿಯುತ್ತದೆ.

ಆದ್ದರಿಂದ ಬದಲಾಗಬೇಕಾದವರು ಹಲವರು. ಪರೀಕ್ಷೆ ತಪ್ಪಿಸುವುದನ್ನೇ ಪೂರ್ವನಿಯೋಜಿತ ವರ್ತನೆಯಾಗಿ ಇಟ್ಟಿರುವ ಡೇಟಾಬೇಸ್ ತಯಾರಕರು ಅದನ್ನು ತಿರುಗುಮುರುಗು ಮಾಡಬೇಕು: ಪರೀಕ್ಷೆ ಬೇಡವೆನ್ನುವವರು ಅದನ್ನು ಬಿಡಿಸಿ ಬರೆಯಲಿ, ಬೇಕೆನ್ನುವವರು ಏಕೆ ಬರೆಯಬೇಕು? ಡ್ರೈವರ್ ಮತ್ತು ಚೌಕಟ್ಟುಗಳ ಕರ್ತೃಗಳು ಬ್ಯಾಚ್ ಎಂದು ಕೇಳಿದವರಿಗೆ ನಿಜವಾದ ಬ್ಯಾಚನ್ನೇ ಕೊಡಬೇಕು, ಕೊಡಲಾಗದಿದ್ದರೆ ಸುಮ್ಮನಿರದೆ ಹೇಳಬೇಕು. ಕಾಲೇಜುಗಳ ಡೇಟಾಬೇಸ್ ಪಾಠ ಇನ್‌ಸರ್ಟ್ ಆಜ್ಞೆಯ ವ್ಯಾಕರಣಕ್ಕೆ ಮುಗಿಯದೆ, ಸಾಲಿಗೊಂದು ಕಮಿಟ್ ಮತ್ತು ಗಣಕ್ಕೊಂದು ಕಮಿಟ್‌ಗಳ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಡಿಯಾರ ಹಿಡಿದು ಅಳೆಯುವಂತೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದತ್ತಾಂಶ ಸಾಗಿಸುವ ಕೆಲಸವನ್ನು ಗುತ್ತಿಗೆ ಕೊಡುವ ಬ್ಯಾಂಕು, ಸಂಘ, ಸರ್ಕಾರಿ ಇಲಾಖೆಗಳು ಎಷ್ಟು ಗಂಟೆಯಲ್ಲಿ ಮುಗಿಯಿತು ಎಂದಷ್ಟೇ ಕೇಳುವುದನ್ನು ಬಿಟ್ಟು, ಹೊರಟ ಸಾಲುಗಳ ಮತ್ತು ತಲುಪಿದ ಸಾಲುಗಳ ಸಂಖ್ಯೆ, ತಿರಸ್ಕೃತ ಸಾಲುಗಳ ಕಾರಣಸಮೇತ ಪಟ್ಟಿ, ನಿಷ್ಕ್ರಿಯವಾಗಿ ಅಥವಾ ವಿಶ್ವಾಸಾರ್ಹವಲ್ಲದ ಸ್ಥಿತಿಯಲ್ಲಿ ಉಳಿದ ನಿರ್ಬಂಧಗಳ ಪಟ್ಟಿ ಈ ಮೂರನ್ನೂ ಲಿಖಿತವಾಗಿ ಕೇಳಬೇಕು. ಮೂರನೆಯ ಪಟ್ಟಿ ಖಾಲಿಯಾಗುವವರೆಗೆ ಕೆಲಸ ಪೂರ್ಣಗೊಂಡಿದೆ ಎಂಬ ಪತ್ರಕ್ಕೆ ಯಾರೂ ಸಹಿ ಹಾಕಬಾರದು, ಬಿಲ್ಲಿನ ಕೊನೆಯ ಕಂತನ್ನು ಬಿಡುಗಡೆ ಮಾಡಬಾರದು.